ಹಾಸ್ಯಗೀತ ಮತ್ತು ಹೃದಯಸಂವಾದ

ಕಾವ್ಯದಲ್ಲಿ ಬರುವ ಹಾಸ್ಯವನ್ನು ಕುರಿತು ನಮ್ಮ ವಿದ್ವಾಂಸರು ಆಗಾಗ ವಿಚಾರ ಮಾಡಿದ್ದಾರೆ. ಹಾಡಿನಲ್ಲಿ ಬರುವ ಹಾಸ್ಯಕ್ಕೆ ಆ ಭಾಗ್ಯ ದೊರೆತುದು ಕಡಮೆ. ನಗಿಸುವ ಹಾಡೆಂದರೆ ನಾಟಕದ ಕಂಪೆನಿಯವರು ಪರದೆಯ ಹಿಂದೆ ಮುಂದಿನ ದೃಶ್ಯವನ್ನು ಅಣಿಮಾಡಿಕೊಳ್ಳುವವರೆಗೆ ಹೊತ್ತು ಕಳೆಯುವುದಕ್ಕೆ ಹೂಡಿದ ಉಪಾಯ. ಅದನ್ನು ಕೇಳಿ ನಕ್ಕು ಮನೆಗೆ ಹೋಗಬಹುದೇ ಹೊರತು ಎದುರಿಗಿಟ್ಟುಕೊಂಡು ವಿಮರ್ಶೆ ಮಾಡುವುದು ವಿದ್ವತ್ತಿಗೆ ಒಪ್ಪುವ ಕೆಲಸವಲ್ಲ ಎಂಬ ಭಾವನೆ ನಮ್ಮಲ್ಲಿ ಬಲವಾಗಿಯೇ ಬೇರೂರಿದೆ. ಸಂಗೀತದವರು ಅದನ್ನು ಸಾಹಿತ್ಯದ ವಿಷಯವೆನ್ನುತ್ತಾರೆ. ಸಾಹಿತ್ಯದವರು ಮಟ್ಟಿನ ವಿಷಯವೆನ್ನುತ್ತಾರೆ. ಹೀಗೆ ಇಬ್ಬರೂ ಕೈಬಿಟ್ಟ ಕೂಸಾಗಿ ಅದು ನಿಂತಿದೆ.

ಆದರೆ ಈ ಹಾಡುಗಳಲ್ಲಿ ವಿಚಾರಕ್ಕೆ ಅರ್ಹವಾದ ಒಂದು ವಿಶೇಷವುಂಟು. ಕರುಣರಸದ ಕೀರ್ತನೆಯನ್ನು ಏಕಾಂತದಲ್ಲಿ ಕೇಳಿ ಕಣ್ಣು ಒದ್ದೆ ಮಾಡಿಕೊಂಡವನು ಆ ಹೊತ್ತಿನಲ್ಲಿ ಮತ್ತೊಬ್ಬನು ಬಳಿಗೆ ಬರುವುದನ್ನು ಬಯಸಲಾರನು. ನಗೆಹಾಡನ್ನು ಒಂಟಿಯಾಗಿ ಕೇಳಿದವನು ಹಾಗಲ್ಲ. ಹಾಡು ಮುಗಿಯುವ ಮೊದಲೇ ಒಳಗಿದ್ದವರನ್ನು ಕೂಗಿ ಕರೆಯುತ್ತಾನೆ, ಅವರು ಬಂದಮೇಲೆ ಮೊದಲಿನಿಂದ ಮತ್ತೆ ಹಾಡಿಸುತ್ತಾನೆ, ಅವರು ನಗುವರೋ ಇಲ್ಲವೋ ಎಂದು ಹಾಡನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತಾನೆ. ಅವರು ನಗದಿದ್ದರೆ ಅವನಿಗೆ ಆಗುವ ಖೇದವು ಸಾಮಾನ್ಯವಾದುದಲ್ಲ. ತನಗೇ ಏನೋ ಅವಮಾನವಾದಂತೆ ಕುಗ್ಗುತ್ತಾನೆ. ಇದು ಎಲ್ಲರ ಅನುಭವಕ್ಕೂ ಬಂದಿರತಕ್ಕ ಸಂಗತಿ. ಮಿಕ್ಕ ರಸಗಳಿಗೆ ಇಷ್ಟು ತೀವ್ರವಾಗಿ ಬೇಕಾಗದ ಈ ಜೊತೆಗಾರನು ಹಾಸ್ಯಗೀತಕ್ಕೆ ಮಾತ್ರ ಏಕೆ ಬೇಕು ಎಂಬುದೇ ಈ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ.

ಮೊದಲು ಶಾಸ್ತ್ರವನ್ನು ನೋಡೋಣ. ಭರತಮುನಿಯು ಹಾಸ್ಯಕ್ಕೆ ಹಾಸವನ್ನು ಸ್ಥಾಯಿಯೆಂದು ಹೇಳಿ, ವೇಷ, ಅಲಂಕಾರ, ಮಾತು, ನಡೆಗಳ ವಿಕೃತಿಯನ್ನು ಅದಕ್ಕೆ ವಿಭಾವವಾಗಿ ಎಣಿಸಿದ್ದಾನೆ. ಸ್ವರಗಳನ್ನು ರಸಗಳಿಗೆ ಹಂಚುವ ಕಡೆಯಲ್ಲಿ ಹಾಸ್ಯಶೃಂಗಾರಗಳೆರಡಕ್ಕೂ ಮಧ್ಯಮ ಪಂಚಮಗಳನ್ನೇ ವಿಧಿಸಿದ್ದಾನೆ. ಶೃಂಗಾರದಿಂದ ಹಾಸ್ಯವು ಹುಟ್ಟುತ್ತದೆಂದು ಹೇಳಿದವನಿಗೆ ಈ ಹಂಚಿಕೆ ಸಹಜವೇ ಸರಿ. ಆದರೆ ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಯಾವ ಸ್ವರಗಳು ನಲ್ಲನ ಮಾತಿಗೆ ಒದಗುವುವೋ ಅವೇ ಸ್ವರಗಳು ನಗೆಗಾರನಿಗೂ ಒದಗುವುವು. ಹಾಗಾದರೆ ನಗೆಯ ಕಾರಣವು ಸ್ವರದಲ್ಲಿಯೇ ಅಡಗಿರಲಾರದು. ಶೋಕಕ್ಕೆ ಮುಖಾರಿಯೆಂದೂ ಜೋಗುಳಕ್ಕೆ ನೀಲಾಂಬರಿಯೆಂದೂ ರೂಢಿಯಿದ್ದಂತೆ ನಗೆಗೆಂದೇ ಮೀಸಲಾದ ರಾಗವನ್ನು ನಮ್ಮ ಗಾಯಕರು ಹೇಳುವುದನ್ನು ನಾವು ಕೇಳಿಲ್ಲ. ಹಾಗೆಂದು ಕಾರಣವೆಲ್ಲ ಮಾತಿನಲ್ಲಿದೆಯೆನ್ನೋಣವೇ? ಒಳ್ಳೆಯ ಹಾಸ್ಯಗೀತದ ಸಾಹಿತ್ಯವನ್ನು ಮಟ್ಟಿಲ್ಲದೆ ಓದಿ ನೋಡಿದರೆ ಮುಕ್ಕಾಲು ಪಾಲು ನಗೆ ಇಂಗಿಹೋಗುತ್ತದೆ. ಸ್ವರದಲ್ಲಿಯೂ ಇಲ್ಲ, ಮಾತಿನಲ್ಲಿಯೂ ಇಲ್ಲ, ಮತ್ತೆ ಎಲ್ಲಿದೆ?

ಅಭಿನವಗುಪ್ತನು ಭರತನ ಈ ಭಾಗಕ್ಕೆ ವ್ಯಾಖ್ಯಾನ ಮಾಡುವಾಗ ಬಹು ಸೊಗಸಾದ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾನೆ. ಹುಳಿದಾಳಿಂಬೆಯನ್ನು ತಿನ್ನುವವನನ್ನು ನೋಡಿದವನ ಬಾಯಲ್ಲಿಯೂ ನೀರೂರುವಂತೆ ನಗೆಯು ಒಬ್ಬರಿಂದೊಬ್ಬರಿಗೆ ಸಂಕ್ರಮಿಸುವ ಸ್ವಭಾವವುಳ್ಳದ್ದು ಎಂಬುದು ಅದರ ತಾತ್ಪರ್ಯ. ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ಒಡೆದ ಭರತನ ಮಾತಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಡ. ನಮ್ಮ ಹುಣಿಸೆಯ ನಾಡಿನವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಆದರೂ ದೃಷ್ಟಾಂತವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ನಡೆಸಿದರೆ ನಮಗೆ ಬೇಕಾದ ಸಂಗತಿ ಅಲ್ಲಿಯೇ ದೊರೆಯುತ್ತದೆ. ಹುಳಿಯನ್ನು ಎಂದೂ ತಿಂದರಿಯದವನು ಇನ್ನೊಬ್ಬನು ತಿನ್ನುವುದನ್ನು ನೋಡಿದರೆ ಅವನ ಬಾಯಲ್ಲಿ ನೀರೂರುವುದಿಲ್ಲ. ಸಂಕ್ರಮಣಕ್ಕೆ ಪೂರ್ವಾನುಭವವು ಬೇಕು. ವಾಸನೆಯಿಲ್ಲದೆ ರಸವಿಲ್ಲವೆಂದು ಆಲಂಕಾರಿಕರು ಒತ್ತಿ ಹೇಳುವುದು ಇದನ್ನೇ. ಮಿಕ್ಕ ರಸಗಳಿಗೆ ಬೇಕಾದ ವಾಸನೆ ಮನುಷ್ಯಮಾತ್ರನಾದವನಿಗೆಲ್ಲ ಉಂಟು. ಅಗಲಿಕೆಯ ದುಃಖ ಯಾರಿಗೆ ತಿಳಿಯದು? ಹಾಸ್ಯಗೀತಕ್ಕೆ ಬೇಕಾದ ವಾಸನೆಯು ಇಷ್ಟು ವಿಶಾಲವಾದುದಲ್ಲ. ಅದು ಬಹುಮಟ್ಟಿಗೆ ಒಂದು ಊರಿನದು, ಒಂದು ಕಾಲದ್ದು, ಕೆಲವೇಳೆ ಒಂದು ಜಗುಲಿಯದು. ನಗೆಹಾಡನ್ನು ಕೇಳುವವನು ಒಂದೇ ಗಳಿಗೆಯಲ್ಲಿ ಎರಡು ಹಾಡುಗಳನ್ನು ಕೇಳುತ್ತಾನೆ: ಎದುರಿಗೆ ಹಾಡುತ್ತಿರುವುದು ಒಂದು, ನೆನಪಿನಲ್ಲಿ ಮೊದಲೇ ನೆಲೆಸಿರುವುದು ಇನ್ನೊಂದು. ಇವೆರಡರ ತಿಕ್ಕಾಟದಲ್ಲಿ ಕಿಡಿಯಂತೆ ನಗೆ ಹಾರುತ್ತದೆ. ನೆನಪಿನ ಹಾಡು ಇಲ್ಲದವನಿಗೆ ಕಿಡಿಯೂ ಇಲ್ಲ.

ಇದು ಬರಿಯ ಊಹೆಯಲ್ಲವೆಂಬುದನ್ನು ಎರಡು ಪ್ರಯೋಗಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಬಹುದು. ಮುತ್ತುಸ್ವಾಮಿ ದೀಕ್ಷಿತರು ಯುರೋಪಿಯನ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ಮಾಡಿದ ನೊಟ್ಟುಸ್ವರಗಳು ಸಂಗೀತಾಭ್ಯಾಸಿಗಳೆಲ್ಲರಿಗೂ ಪರಿಚಿತವಾಗಿವೆ. ಅವುಗಳಲ್ಲಿ ಒಂದಾದ ‘ಸಂತತಂ ಪಾಹಿ ಮಾಂ’ ಎಂಬುದು ಬ್ರಿಟಿಷರ ರಾಜಗೀತೆಯ ಮಟ್ಟು. ದೊರೆಯನ್ನು ಕಾಪಾಡೆಂದು ದೇವರಲ್ಲಿ ಮೊರೆಯಿಡುವ ಮಟ್ಟಿನಲ್ಲಿ ಸಂಗೀತಶ್ಯಾಮಲೆಯನ್ನು ಸ್ತುತಿಸುವ ಸಾಹಿತ್ಯ ಕುಳಿತಿದೆ. ಪರದೇಶದ ಮಟ್ಟು, ಸ್ವದೇಶದ ಮಾತು. ಹಾಸ್ಯಕ್ಕೆ ಬೇಕಾದ ಅಸಂಗತಿ ಇಲ್ಲಿ ಸಂಪೂರ್ಣವಾಗಿ ಇದೆಯೆಂದು ಮೇಲುನೋಟಕ್ಕೆ ತೋರುತ್ತದೆ. ಆದರೂ ಇದನ್ನು ಕೇಳಿ ಯಾರೂ ನಗುವುದಿಲ್ಲ, ನಗಬೇಕೆಂದು ದೀಕ್ಷಿತರು ಉದ್ದೇಶಿಸಲೂ ಇಲ್ಲ. ಅವರು ಮಟ್ಟನ್ನು ಅದರ ಹಳೆಯ ಅರ್ಥದಿಂದ ಬಿಡಿಸಿ ಶಂಕರಾಭರಣದ ಸ್ವರಗಳಾಗಿ ಮಾತ್ರ ಎತ್ತಿಕೊಂಡರು. ಹಳೆಯ ಮಾತುಗಳನ್ನು ನೆನಪಿಗೆ ತರುವ ಒಂದು ಸೂಚನೆಯೂ ಅವರ ಸಾಹಿತ್ಯದಲ್ಲಿಲ್ಲ. ತಿಕ್ಕಾಟಕ್ಕೆ ಎರಡನೆಯ ವಸ್ತುವನ್ನು ಅವರು ಉಳಿಸಲೇ ಇಲ್ಲ.

ಈಗ ಕೈಲಾಸಂ ಅವರನ್ನು ನೋಡೋಣ. ತ್ಯಾಗರಾಜ ಪರಮಶಿವ ಕೈಲಾಸಂ (1884–1946) ಇಂಗ್ಲೆಂಡಿಗೆ ಹೋಗಿ ಭೂಗರ್ಭಶಾಸ್ತ್ರವನ್ನು ಓದಿ ಬಂದವರು. ಅಲ್ಲಿಂದ ತಂದ ಶಾಸ್ತ್ರಕ್ಕಿಂತ ಅಲ್ಲಿಯ ಹಾಡುಗಾರಿಕೆಯ ಮನೆಗಳಿಂದ ತಂದ ಮಟ್ಟುಗಳೇ ಕನ್ನಡಕ್ಕೆ ಹೆಚ್ಚು ಪ್ರಯೋಜನವಾದುವೆಂದರೆ ಅದು ಅವರಿಗೆ ಅಪಚಾರವಾಗಲಾರದು. 1912ರಲ್ಲಿ ಹುಟ್ಟಿ 1914ರ ಮಹಾಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳ ಕಾಲ್ನಡಿಗೆಯ ಹಾಡಾಗಿ ಲೋಕವನ್ನೆಲ್ಲ ಸುತ್ತಿದ ಟಿಪ್ಪರೆರಿಯ ಹಾಡು ಅವರ ಕೈಯಲ್ಲಿ ತಿಪ್ಪಾರಳ್ಳಿಯ ಹಾಡಾಯಿತು. ಮೂಲದಲ್ಲಿ ಲಂಡನ್ನಿಗೆ ಬಂದ ಐರಿಷ್ ಹಳ್ಳಿಗನು ತನ್ನೂರು ಎಷ್ಟು ದೂರವೆಂದು ಹಂಬಲಿಸುತ್ತಾನೆ. ಕನ್ನಡದಲ್ಲಿ ತಿಪ್ಪಾರಳ್ಳಿಯೇ ಆ ದೂರದ ಊರಾಗುತ್ತದೆ. ಇಲ್ಲಿ ಕೈಲಾಸಂ ಮಾಡಿದುದು ದೀಕ್ಷಿತರು ಮಾಡಿದುದಕ್ಕೆ ನೇರವಾಗಿ ವಿರುದ್ಧವಾದುದು. ಹಳೆಯ ಹಾಡನ್ನು ಮರೆಯಿಸುವುದಿರಲಿ, ಮರೆಯಲು ಯಾರಿಗೂ ಸಾಧ್ಯವಾಗದಂತೆ ಊರ ಹೆಸರಿನಲ್ಲಿಯೇ ಅದನ್ನು ಕಟ್ಟಿಹಾಕಿದರು. ಟಿಪ್ಪರೆರಿ ತಿಪ್ಪಾರಳ್ಳಿಗಳ ಧ್ವನಿಸಾಮ್ಯವೆಂಬ ಒಂದೇ ಮೊಳೆಯಮೇಲೆ ಇಡೀ ಹಾಡು ತೂಗಾಡುತ್ತದೆ. ದಂಡು ನಡೆಯುವ ಠೀವಿಯ ಮಟ್ಟು, ನಮ್ಮ ಹಳ್ಳಿಯ ಕಾಲುದಾರಿ. ಎರಡೂ ಒಟ್ಟಿಗೆ ಕಾಣಿಸಿದವನು ನಕ್ಕನು.

ಒಟ್ಟಿಗೆ ಕಾಣಿಸಿದವನು ಎಂದೆವು. ಕಾಣಿಸದವನ ಗತಿಯೇನು? ಈ ಲೇಖಕನು ತರಗತಿಯಲ್ಲಿ ಒಮ್ಮೆ ಈ ಹಾಡನ್ನು ಪಾಠದ ಸಂದರ್ಭದಲ್ಲಿ ತಾನೇ ಹಾಡಿ ತೋರಿಸಿದುದುಂಟು. ವಿದ್ಯಾರ್ಥಿಗಳು ಗೌರವದಿಂದ ಕೇಳಿದರು, ಒಬ್ಬರೂ ನಗಲಿಲ್ಲ. (ಹಾಡಿದ ಕಂಠವನ್ನು ಕುರಿತು ಹಿಂದಿನ ಬೆಂಚಿನಲ್ಲಿ ಸ್ವಲ್ಪ ನಗೆಯೆದ್ದಿತು, ಅದು ಬೇರೆಯ ವಿಷಯ.) ಆಮೇಲೆ ಯುದ್ಧದ ಕಥೆಯನ್ನು ಹೇಳಿ, ಮೂಲದ ಇಂಗ್ಲಿಷ್ ಹಾಡನ್ನು ಕೇಳಿಸಿ, ಮತ್ತೆ ಕನ್ನಡದ್ದನ್ನು ಹಾಡಿದಾಗ ಅವರು ಮುಗುಳ್ನಕ್ಕರು. ಅದು ಅರ್ಥವಾಯಿತೆಂಬ ಮುಗುಳ್ನಗೆಯೇ ಹೊರತು ತಡೆಯಲಾರದೆ ಬಂದ ನಗೆಯಲ್ಲ. ಹುಳಿಯ ರುಚಿಯನ್ನು ಮಾತಿನಲ್ಲಿ ವರ್ಣಿಸಿ ಬಾಯಲ್ಲಿ ನೀರೂರಿಸುವುದಕ್ಕೆ ನಾವು ಹೊರಟಂತಾಯಿತು. 1914ರ ಟಿಪ್ಪರೆರಿ ಬೆಂಗಳೂರಿನ ದಂಡುಪ್ರದೇಶದ ಬೀದಿಗಳಲ್ಲಿ, ಗ್ರಾಮಫೋನಿನ ತಟ್ಟೆಗಳಲ್ಲಿ, ಶಾಲೆಯ ಹುಡುಗರ ಸಿಳ್ಳಿನಲ್ಲಿ ಸುಳಿದಾಡುತ್ತಿದ್ದ ದಿನಗಳಲ್ಲಿ ಈ ಹಾಡಿಗೆ ಟೀಕೆ ಬೇಕಾಗಿರಲಿಲ್ಲ. ಈಗ ಬೇಕು. ಟೀಕೆ ಬೇಕಾದ ದಿನವೇ ಹಾಸ್ಯಗೀತದ ಒಂದು ಕಣ್ಣು ಮುಚ್ಚಿತೆಂದು ತಿಳಿಯತಕ್ಕದ್ದು.

ಹಾಗಾದರೆ ಕೈಲಾಸಂ ಅವರ ಹಾಡುಗಳೆಲ್ಲ ಅವರ ಕಾಲದೊಡನೆಯೇ ಮುಗಿದುವೇ? ಹಾಗೆ ಹೇಳಿದರೆ ‘ಕೋಳೀಕೆ ರಂಗ’ನು ಎದ್ದು ನಿಂತು ನಮ್ಮನ್ನು ಸುಳ್ಳರನ್ನಾಗಿ ಮಾಡುತ್ತಾನೆ. ಈ ಹಾಡಿಗೂ ಇಂಗ್ಲಿಷಿನ ಒಂದು ಮೂಲವುಂಟು. ಕಾನ್‌ಸ್ಟಾಂಟಿನೋಪಲ್ ಎಂಬ ಪಟ್ಟಣದ ಉದ್ದನೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವ ಹಾಡು ಅದು. ಆ ಮೂಲವನ್ನು ಇಂದು ಬಲ್ಲ ಕನ್ನಡಿಗರು ಎಷ್ಟು ಮಂದಿ? ಆದರೂ ಕೋಳೀಕೆ ರಂಗನನ್ನು ಮಕ್ಕಳೂ ಹಾಡುತ್ತಾರೆ, ಸುಗಮಸಂಗೀತದ ವೇದಿಕೆಗಳಲ್ಲಿಯೂ ಹಾಡುತ್ತಾರೆ, ಸಭೆ ಇಂದಿಗೂ ನಗುತ್ತದೆ. ಒಬ್ಬನೇ ಕವಿ, ಒಂದೇ ವಿಧಾನ. ಒಂದು ಹಾಡು ಬಾಡಿತು, ಇನ್ನೊಂದು ಬಾಡಲಿಲ್ಲ. ಈ ವ್ಯತ್ಯಾಸದ ಕಾರಣವನ್ನು ಹುಡುಕುವುದೇ ವಿಮರ್ಶಕನ ಕೆಲಸವೆಂದು ನಮ್ಮ ಅಭಿಪ್ರಾಯ.

ಇಂಗ್ಲಿಷಿನಲ್ಲಿ ಒಂದು ಹೆಸರನ್ನು ಅಕ್ಷರವಾಗಿ ಬಿಡಿಸಿ ಹೇಳುವುದೆಂದರೆ ಅದೊಂದು ಪರೀಕ್ಷೆ. ಅಲ್ಲಿ ಅಕ್ಷರದ ಹೆಸರು ಬೇರೆ, ಅದರ ಉಚ್ಚಾರಣೆ ಬೇರೆ. ಬಿಡಿಸಿ ಹೇಳಿದಾಗ ಕೇಳುವುದು ಮೂಲದ ಶಬ್ದಕ್ಕೆ ಏನೂ ಸಂಬಂಧವಿಲ್ಲದ ಒಂದು ಸದ್ದಿನ ಸಾಲು. ನಗೆ ಹುಟ್ಟುವುದು ಅದರಿಂದಲೇ. ಕನ್ನಡದಲ್ಲಿ ಈ ತೊಡಕಿಲ್ಲ. ನಮ್ಮ ಅಕ್ಷರವು ಹೇಗೆ ಕೂಗಿದರೆ ಹಾಗೆಯೇ ಓಗೊಡುತ್ತದೆ. ಕಮಲವೆಂಬುದನ್ನು ಬಿಡಿಸಿ ಹೇಳಿದರೆ ಕಮಲವೆಂದೇ ಆಗುತ್ತದೆ. ಆದುದರಿಂದ ಇಂಗ್ಲಿಷ್ ಹಾಡಿನ ಯುಕ್ತಿಯನ್ನು ಹಾಗೆಯೇ ಇಳಿಸಿಕೊಂಡಿದ್ದರೆ ಅದು ಕನ್ನಡದಲ್ಲಿ ಸತ್ತೇ ಹುಟ್ಟುತ್ತಿದ್ದಿತು. ಕೈಲಾಸಂ ಇಲ್ಲಿ ಅನುವಾದಕ್ಕೆ ಕೈಹಾಕಲಿಲ್ಲ. ನಮ್ಮ ಮಕ್ಕಳು ಅಕ್ಷರ ಕಲಿಯುವ ಬಗೆಯನ್ನು ನೆನಪಿಗೆ ತಂದುಕೊಂಡರು. ಒಂದೊಂದು ಅಕ್ಷರಕ್ಕೂ ‘ನೂ’ ಎಂಬ ಬಾಲವನ್ನು ಅಂಟಿಸಿ ಎಣಿಸುವುದು, ಅನುಸ್ವಾರವನ್ನು ಸೊನ್ನೆಯೆಂದು ಕರೆಯುವುದು, ಒಂದು ಸಾರಿ ಹೇಳಿ ಮುಗಿಸಿದಮೇಲೆ ಅದೇ ಹೆಸರನ್ನು ಏತ್ವ ಓತ್ವಗಳ ಗುಣಿತದಲ್ಲಿ ಮತ್ತೊಮ್ಮೆ ಬಿಡಿಸುವುದು, ಇವೆಲ್ಲ ಕೂಲಿಮಠದ ಮರಳಿನ ಮೇಲೆ ಬೆರಳು ತಿದ್ದಿದ ಪೀಳಿಗೆಗಳ ಬಾಯಲ್ಲಿ ನೆಲೆಯಾಗಿದ್ದ ರಾಗ. ಮರಳು ಹೋಗಿ ಸ್ಲೇಟು ಬಂದಿತು, ಸ್ಲೇಟು ಹೋಗಿ ಪುಸ್ತಕ ಬಂದಿತು, ಕಾಗುಣಿತವು ಹೋಗಲಿಲ್ಲ. ಕನ್ನಡವನ್ನು ಬರೆಯಬಲ್ಲ ಪ್ರತಿಯೊಬ್ಬನ ನೆನಪಿನಲ್ಲಿಯೂ ಆ ಮೊದಲನೆಯ ಹಾಡು ಇದೆ. ಕೋಳೀಕೆ ರಂಗನು ತಿಕ್ಕಾಡುವುದು ಕಾನ್‌ಸ್ಟಾಂಟಿನೋಪಲಿನೊಡನೆ ಅಲ್ಲ, ನಮ್ಮ ನಮ್ಮ ಅಕ್ಷರಾಭ್ಯಾಸದೊಡನೆ. ಹಳ್ಳಿಯ ಗಮಾರನೊಬ್ಬನು ತನ್ನ ಹೆಸರನ್ನು ಪಂಡಿತನ ಗತ್ತಿನಲ್ಲಿ ಬಿಡಿಸಿ ಹೇಳುವಾಗ, ಒಂದು ಕಾಲದಲ್ಲಿ ಅಷ್ಟೇ ಗತ್ತಿನಿಂದ ಅದನ್ನೇ ಮಾಡಿದ ಐದು ವರ್ಷದ ನಾವೇ ನಮಗೆ ಕಾಣಿಸಿಕೊಳ್ಳುತ್ತೇವೆ.

ಇದಕ್ಕೆ ಇನ್ನೊಂದು ಮಾತನ್ನೂ ಸೇರಿಸಬೇಕು. ಆ ಹಾಡು ಕೇಳುವವನನ್ನು ಸುಮ್ಮನೆ ಕುಳಿತಿರಲು ಬಿಡುವುದಿಲ್ಲ. ಇದನ್ನು ಹಾಡಲು ಬಾರದೆ ಬಾಯಿಬಿಡುವವನು ಬೆಪ್ಪನೆಂದು ಅದು ಎದುರಿಗೇ ಹೇಳಿಬಿಡುತ್ತದೆ. ಹೀಗೆ ಸವಾಲು ಹಾಕಿಸಿಕೊಂಡ ಸಭೆಗೆ ಉಳಿಯುವ ದಾರಿ ಒಂದೇ: ತಾನೂ ಹಾಡುವುದು. ಹಾಡಹೊರಟರೆ ನಾಲಗೆ ತೊಡರುತ್ತದೆ. ತೊಡರಿದುದಕ್ಕೆ ಪಕ್ಕದವನು ನಗುತ್ತಾನೆ. ಅವನ ಸರದಿ ಬಂದಾಗ ಅವನೂ ತೊಡರುತ್ತಾನೆ. ಆತ್ಮಸ್ಥವೂ ಪರಸ್ಥವೂ ಆದ ಹಾಸವು ಒಂದೇ ಹಾಡಿನಲ್ಲಿ ಹೀಗೆ ಸುತ್ತು ತಿರುಗುವುದನ್ನು ಭರತನು ನೋಡಿದ್ದರೆ ಸಂತೋಷಪಡುತ್ತಿದ್ದನು. ನಗುವವನನ್ನು ತಾನೇ ಕರೆದು ತರುವ ಹಾಡು ಇದು.

ಹಾಸ್ಯಗೀತಕ್ಕೆ ಸ್ವಭಾವದಲ್ಲಿಯೇ ಒಂದು ಸಂಕಟವುಂಟು. ಅದನ್ನು ಇಲ್ಲಿ ಪ್ರಸ್ತಾಪಿಸದಿರಲಾಗದು. ಸಂಗೀತವು ಪುನರಾವೃತ್ತಿಯಿಂದ ಬೆಳೆಯುವುದು. ಪಲ್ಲವಿಯು ಹತ್ತು ಸಲ ಬಂದರೆ ಹತ್ತನೆಯ ಸಲ ಇನ್ನೂ ಸೊಗಸಾಗುತ್ತದೆ. ನಗೆಯ ಮಾತು ಹಾಗಲ್ಲ. ಎರಡನೆಯ ಸಲ ಹೇಳಿದರೆ ಅರ್ಧ, ಮೂರನೆಯ ಸಲ ಹೇಳಿದರೆ ಶೂನ್ಯ. ಆದುದರಿಂದ ನಗೆಯನ್ನು ಹಾಡಾಗಿ ಮಾಡತಕ್ಕವನು ಮರಳಿ ಮರಳಿ ಬಂದರೂ ಹಳಸದ ನಗೆಯನ್ನು ಹುಡುಕಬೇಕು. ನಮ್ಮಲ್ಲಿ ಈ ಕಷ್ಟವನ್ನು ಬಹು ಸುಲಭವಾಗಿ ಗೆದ್ದವರು ಪುರಂದರದಾಸರು. ‘ರಾಗಿ ತಂದಿರಾ’ ಎಂಬ ಅವರ ಪದ ಎಲ್ಲರೂ ಬಲ್ಲುದು. ಭಿಕ್ಷೆಗೆ ರಾಗಿಯನ್ನು ತಂದಿರಾ ಎಂದು ಪಲ್ಲವಿ ಕೇಳುತ್ತದೆ. ಚರಣಗಳಲ್ಲಿ ಯೋಗ್ಯರಾಗಿ ಭೋಗ್ಯರಾಗಿ ಎಂದು ಸದ್ಗುಣಗಳೆಲ್ಲ ರಾಗಿಯ ಚೀಲದಲ್ಲಿ ಸುರಿಯುತ್ತವೆ. ಓದಿದರೆ ಇದು ಶ್ಲೇಷ. ಹಾಡಿದರೆ ಬೇರೆಯೇ ಆಗುತ್ತದೆ. ಗಾಯಕನು ಶಬ್ದದ ಮೊದಲ ಭಾಗವನ್ನು ಎಳೆದು ‘ರಾಗಿ’ಯ ಮುಂದೆ ಒಂದು ಕ್ಷಣ ನಿಂತನೆಂದರೆ ಸಭೆಯವರು ಆ ರಾಗಿಯನ್ನು ತಾವೇ ಮನಸ್ಸಿನಲ್ಲಿ ತಂದು ಸುರಿದಿರುತ್ತಾರೆ. ಇಲ್ಲಿ ಪುನರಾವೃತ್ತಿಯು ನಗೆಯನ್ನು ಕೊಲ್ಲದೆ ಸಾಕುತ್ತದೆ, ಏಕೆಂದರೆ ಪ್ರತಿಸಲವೂ ಕೇಳುವವನು ದಾಸರಿಗಿಂತ ಅರೆಹೆಜ್ಜೆ ಮುಂದೆ ಓಡಿ ಅವರನ್ನು ಎದುರುಗೊಳ್ಳುತ್ತಾನೆ. ರಾಗಿಯನ್ನು ಉಂಡು ಬೆಳೆದ ನಾಡಿನಲ್ಲಿ ಈ ಹಾಡಿಗೆ ಬೇಕಾದ ನೆನಪಿಗೆ ಎಂದೂ ಬರಗಾಲವಿಲ್ಲ.

ನಮ್ಮ ಪಕ್ಷಕ್ಕೆ ತೊಡಕಾಗುವ ಒಂದು ಉದಾಹರಣೆಯನ್ನು ನಾವೇ ಮುಂದಿಡುವುದು ನ್ಯಾಯ. ಶಿಶುನಾಳ ಶರೀಫ ಸಾಹೇಬರ (1819–1889) ‘ಕೋಡಗನ ಕೋಳಿ ನುಂಗಿತ್ತ’ ಎಂಬ ಪದದಲ್ಲಿ ಕೋಳಿ ಕೋಡಗವನ್ನು ನುಂಗುತ್ತದೆ, ಆಡು ಆನೆಯನ್ನು ನುಂಗುತ್ತದೆ, ಗೋಡೆ ಸುಣ್ಣವನ್ನು ನುಂಗುತ್ತದೆ. ಮಕ್ಕಳು ಇದನ್ನು ಕೇಳಿ ಕೇಕೆಹಾಕಿ ನಗುತ್ತಾರೆ. ಅನುಭಾವದ ದಾರಿಯನ್ನು ಬಲ್ಲ ಹಿರಿಯರು ಗುರುವಿನ ಪಾದದಲ್ಲಿ ಕರಗಿಹೋಗುವ ಆತ್ಮದ ಕಥೆಯನ್ನು ಇದರಲ್ಲಿ ಕಂಡು ಗಂಭೀರರಾಗುತ್ತಾರೆ. ಸಿ. ಅಶ್ವತ್ಥ್ ಅವರ ಕಂಠದಿಂದ ಮನೆಮನೆಗೆ ಹರಡಿದಮೇಲೆ ಒಂದೇ ಚಾವಡಿಯಲ್ಲಿ ಕುಳಿತ ಅಜ್ಜನೂ ಮೊಮ್ಮಗಳೂ ಇದನ್ನು ಒಟ್ಟಿಗೆ ಕೇಳುವುದು ಅಪರೂಪವಲ್ಲ. ಇಬ್ಬರ ನೆನಪೂ ಒಂದೇ ಅಲ್ಲ. ಆದರೂ ಇಬ್ಬರೂ ಜೊತೆಗಾರರಾಗಿದ್ದಾರೆ. ಹಾಗಾದರೆ ಸಮಾನವಾದ ನೆನಪು ಬೇಕೆಂಬ ನಮ್ಮ ಮಾತು ಬಿದ್ದುಹೋಯಿತೇ? ಪೂರ್ತಿಯಾಗಿ ಬೀಳಲಿಲ್ಲ. ಕೋಳಿ ಎಷ್ಟು ದೊಡ್ಡದು, ಕೋಡಗ ಎಷ್ಟು ದೊಡ್ಡದು ಎಂಬ ತಿಳಿವಳಿಕೆ ಇಬ್ಬರಿಗೂ ಸಮಾನ. ಮಗುವಿನ ನಗೆ ಅಲ್ಲಿಂದ ಏಳುತ್ತದೆ, ಅಜ್ಜನ ಬೆರಗೂ ಅಲ್ಲಿಂದಲೇ ಹೊರಡುತ್ತದೆ. ಆದರೆ ಅಜ್ಜನು ನಗದೆ ಇದ್ದುದಕ್ಕೆ ಮೊಮ್ಮಗಳಿಗೆ ಖೇದವಾಗುವುದಿಲ್ಲ, ಮೊಮ್ಮಗಳು ನಕ್ಕುದಕ್ಕೆ ಅಜ್ಜನಿಗೆ ಕೋಪ ಬರುವುದಿಲ್ಲ ಎಂಬುದನ್ನು ನೋಡಿದರೆ, ಒಂದೇ ಹಾಡನ್ನು ಮೆಚ್ಚುವವರು ಒಂದೇ ಕಾರಣಕ್ಕಾಗಿ ಮೆಚ್ಚಬೇಕೆಂಬ ಹಟ ತಪ್ಪೆಂದು ಒಪ್ಪಬೇಕಾಗುತ್ತದೆ. ಇಷ್ಟರಮಟ್ಟಿಗೆ ನಮ್ಮ ವಾದವನ್ನು ಶರೀಫರು ತಿದ್ದುತ್ತಾರೆ.

ಮಾತೇ ಇಲ್ಲದ ವಾದ್ಯದಲ್ಲಿ ಹಾಸ್ಯವು ಸಾಧ್ಯವೇ ಎಂಬ ಪ್ರಶ್ನೆ ಉಳಿಯಿತು. ಸಾಧ್ಯವೆಂಬುದಕ್ಕೆ ಪಾಶ್ಚಾತ್ಯರಲ್ಲಿ ಪ್ರಸಿದ್ಧವಾದ ನಿದರ್ಶನವಿದೆ. ಫ್ರಾನ್ಸಿನ ಸಂಗೀತಕಾರನಾದ ಸ್ಯಾಂ-ಸಾನ್ಸನು 1886ರಲ್ಲಿ ಪ್ರಾಣಿಗಳ ಜಾತ್ರೆಯೆಂಬ ಒಂದು ವಿನೋದಕೃತಿಯನ್ನು ರಚಿಸಿದನು. ಅದರಲ್ಲಿ ಆಮೆಗಳು ಬರುವ ಭಾಗಕ್ಕೆ ಅವನು ಹೊಸ ಮಟ್ಟನ್ನು ಕಟ್ಟಲಿಲ್ಲ. ಆಫೆನ್‌ಬಾಕನ ಗೀತನಾಟಕದಲ್ಲಿ ನರ್ತಕಿಯರು ಹುಚ್ಚೆದ್ದು ಕುಣಿಯುವ ಅತಿದ್ರುತವಾದ ಮಟ್ಟನ್ನು ಎತ್ತಿಕೊಂಡು ಅತಿವಿಳಂಬದಲ್ಲಿ ನುಡಿಸಿಬಿಟ್ಟನು. ಕುಣಿತವನ್ನು ಬಲ್ಲ ಪ್ಯಾರಿಸಿನವನಿಗೆ ಆಮೆಯು ಕಾಲೆತ್ತಲು ಪಡುವ ಪಾಡು ಕಣ್ಣಿಗೆ ಕಟ್ಟುತ್ತದೆ; ಅರಿಯದವನಿಗೆ ಅದು ತೂಕಡಿಕೆ ತರುವ ಒಂದು ನಿಧಾನವಾದ ರಾಗ, ಅಷ್ಟೆ. ನಮ್ಮ ವಾದಕ್ಕೆ ಇದಕ್ಕಿಂತ ಶುದ್ಧವಾದ ಸಾಕ್ಷ್ಯ ಸಿಕ್ಕಲಾರದು, ಏಕೆಂದರೆ ಇಲ್ಲಿ ಮರೆಮಾಡುವುದಕ್ಕೆ ಮಾತಿಲ್ಲ. ಇನ್ನೂ ಗಮನಿಸತಕ್ಕ ಸಂಗತಿಯೆಂದರೆ, ಈ ಕೃತಿಯನ್ನು ಅವನು ಸ್ನೇಹಿತರ ಕೂಟಗಳಲ್ಲಿ ಮಾತ್ರ ನುಡಿಸಲು ಬಿಟ್ಟು, ಹಂಸವನ್ನು ಕುರಿತ ಒಂದು ಭಾಗದ ಹೊರತು ಉಳಿದುದನ್ನು ತಾನು ಬದುಕಿರುವವರೆಗೆ ಅಚ್ಚುಹಾಕಿಸಗೊಡಲಿಲ್ಲ. ಪೂರ್ಣವಾಗಿ ಅದು ಪ್ರಕಟವಾದುದು ಅವನು ತೀರಿಹೋದಮೇಲೆ, 1922ರಲ್ಲಿ. ಗಂಭೀರ ಕೃತಿಕಾರನೆಂಬ ತನ್ನ ಹೆಸರಿಗೆ ಕುಂದು ಬಂದೀತೆಂದು ಅಂಜಿದನೆಂದು ಹೇಳುತ್ತಾರೆ. ಲೋಕಕ್ಕೆ ತೋರಿಸಲು ನಾಚಿದುದನ್ನು ಗೆಳೆಯರಿಗೆ ಕೇಳಿಸದೆ ಇರಲೂ ಅವನಿಂದಾಗಲಿಲ್ಲ. ಇಂದು ಅವನ ಹೆಸರನ್ನು ಹೆಚ್ಚು ಜನರ ಬಾಯಲ್ಲಿ ಉಳಿಸಿರುವುದು ಆ ನಾಚಿಕೆಯ ಕೂಸೇ.

ನಮ್ಮ ಕಚೇರಿಗಳಲ್ಲಿಯೂ ಮಾತಿಲ್ಲದ ನಗೆಯುಂಟು, ಆದರೆ ಅದು ಸದ್ದಿಲ್ಲದ್ದು. ತನಿಯಾವರ್ತನದಲ್ಲಿ ಮೃದಂಗದವನು ಸಮಕ್ಕೆ ಬಂದೇಬಿಟ್ಟನೆಂದು ತೋರಿಸಿ, ಕೈತಾಳ ಹಾಕುತ್ತಿರುವವರು ತೊಡೆ ತಟ್ಟುವ ಹೊತ್ತಿಗೆ ಅದನ್ನು ಜಾರಿಸಿಕೊಂಡು ಮುಂದಕ್ಕೆ ಹೋದನೆಂದರೆ, ತಾಳವನ್ನು ಹಿಡಿದಿದ್ದವರ ತುಟಿಯಲ್ಲಿ ಮಾತ್ರ ಒಂದು ನಗೆ ಮಿನುಗುತ್ತದೆ. ಘಟದವನು ಅದಕ್ಕೆ ತಲೆದೂಗುತ್ತಾನೆ. ಮಿಕ್ಕವರಿಗೆ ಏನು ನಡೆಯಿತೆಂಬುದೇ ತಿಳಿಯುವುದಿಲ್ಲ.

ಭರತನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗೆಯನ್ನು ಆರಾಗಿ ವಿಂಗಡಿಸಿ, ಎರಡೆರಡನ್ನು ಉತ್ತಮ ಮಧ್ಯಮ ಅಧಮರಿಗೆ ಹಂಚಿದ್ದಾನೆ. ಹಾಸ್ಯಗೀತವನ್ನು ಕೀಳೆಂದು ಕಾಣುವ ನಮ್ಮ ಪಂಡಿತರು ತಮಗೆ ತಿಳಿಯದೆಯೇ ಈ ಹಂಚಿಕೆಯ ಮರೆಹೊಕ್ಕಿದ್ದಾರೆ. ತನಿಯ ಮುಗುಳ್ನಗೆ ಉತ್ತಮರದು; ಗುಬ್ಬಿ ವೀರಣ್ಣನವರು ‘ಸದಾರಮೆ’ಯ ಕಳ್ಳನಾಗಿ ರಂಗದ ಮೇಲೆ ಬಂದೊಡನೆ ಗ್ಯಾಲರಿಯಿಂದ ಎದ್ದ ಅಟ್ಟಹಾಸ ಅಧಮರದು. ಈ ತೀರ್ಪನ್ನು ನಾವು ಒಪ್ಪಲಾರೆವು. ಭರತನು ಹೇಳಿದುದು ರಂಗದ ಮೇಲಿನ ಪಾತ್ರಗಳ ಪ್ರಕೃತಿಯನ್ನು. ಅದನ್ನು ರಂಗದ ಕೆಳಗೆ ಕುಳಿತವರ ಯೋಗ್ಯತೆಯ ಅಳತೆಯಾಗಿ ಮಾಡಿಕೊಂಡುದು ನಮ್ಮ ಕೈವಾಡ. ಎರಡು ನಗೆಗಳ ನಡುವೆ ಇರತಕ್ಕ ನಿಜವಾದ ಭೇದವು ನೆನಪಿನ ವ್ಯಾಪ್ತಿಯದು. ತಾಳದ ಲೆಕ್ಕವನ್ನು ಹಂಚಿಕೊಂಡಿರುವವರು ಇಪ್ಪತ್ತು ಜನ. ಕಳ್ಳನ ಜಾಣತನಕ್ಕೆ ಬೆಪ್ಪಾಗಿ ಕೈಚೆಲ್ಲಿದ ಅನುಭವವನ್ನು ಹಂಚಿಕೊಂಡಿರುವವರು ಇಡೀ ಪೇಟೆಯ ಜನ. ಇಪ್ಪತ್ತು ಜನರನ್ನು ನಗಿಸುವುದಕ್ಕಿಂತ ಪೇಟೆಯನ್ನೆಲ್ಲ ನಗಿಸುವುದು ಸುಲಭವೆಂದು ಹೇಳುವವರು ಒಮ್ಮೆ ಅದನ್ನು ಪ್ರಯತ್ನಿಸಿ ನೋಡಬೇಕು.

ಮೊದಲು ಎತ್ತಿದ ಪ್ರಶ್ನೆಗೆ ಈಗ ಹಿಂದಿರುಗಬಹುದು. ನಗೆಹಾಡನ್ನು ಕೇಳಿದವನು ಒಳಗಿದ್ದವರನ್ನು ಏಕೆ ಕರೆಯುತ್ತಾನೆ? ಆ ಹಾಡಿನ ಅರ್ಧವು ತನ್ನ ನೆನಪಿನಲ್ಲಿದೆಯೆಂಬುದು ಅವನಿಗೆ ಒಳಗೊಳಗೇ ಗೊತ್ತು. ಆ ನೆನಪು ತನ್ನೊಬ್ಬನದೋ ಇತರರದೂ ಹೌದೋ ಎಂಬುದು ಗೊತ್ತಿಲ್ಲ. ಕರೆದು ಕೇಳಿಸುವುದೆಂದರೆ ಅದನ್ನು ಒರೆಗೆ ಹಚ್ಚುವುದು. ಬಂದವರು ನಕ್ಕರೆ ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರೆಂಬುದು ಒಂದು ಕ್ಷಣದಲ್ಲಿ ತೀರ್ಮಾನವಾಗುತ್ತದೆ. ನಗದಿದ್ದರೆ ತಾನು ಒಂಟಿ. ಅವನ ಖೇದಕ್ಕೆ ಇದೇ ಕಾರಣ, ಹಾಡಿನ ಮೇಲಣ ಮೋಹವಲ್ಲ. ಶಾಸ್ತ್ರೀಯ ಸಂಗೀತದಲ್ಲಿ ರುಚಿಭೇದವಾದರೆ ನಾವು ಬಾಣಿಗಳ ಹೆಸರು ಹೇಳಿ ಸಮಾಧಾನ ಮಾಡಿಕೊಳ್ಳಬಹುದು. ನಗೆಯಲ್ಲಿ ರುಚಿಭೇದವಾದರೆ ಯಾವ ಬಾಣಿಯೂ ಕೈಹಿಡಿಯುವುದಿಲ್ಲ. ಅಧ್ಯಾಪಕರಿಗೆ ಈ ಕಷ್ಟ ಇಮ್ಮಡಿಯಾಗಿ ಗೊತ್ತು. ಅವರು ಪ್ರತಿವರ್ಷವೂ ತಮಗಿಂತ ಇನ್ನೊಂದು ವರ್ಷ ದೂರ ಸರಿದ ನೆನಪುಗಳ ಮುಂದೆ ನಿಂತು ಅದೇ ಹಾಡನ್ನು ಹಾಡಬೇಕು.

ಈ ದೂರವನ್ನು ಸ್ವಲ್ಪವಾದರೂ ಕಡಮೆ ಮಾಡುವ ಒಂದು ಉಪಾಯವನ್ನು ನಮ್ಮ ಹಳೆಯ ನಾಟಕದ ಹಾಡುಗಳ ಪುಸ್ತಕಗಳು ಬಲ್ಲವಾಗಿದ್ದುವು. ಹಾಡಿನ ನೆತ್ತಿಯ ಮೇಲೆ ರಾಗತಾಳಗಳ ಜೊತೆಗೆ ಇಂತಹ ಹಾಡಿನ ಮಟ್ಟೆಂದು ಒಂದು ಸಣ್ಣ ಸಾಲನ್ನು ಅಚ್ಚುಹಾಕುತ್ತಿದ್ದರು. ಅದು ಹಾಡುವವನ ಅನುಕೂಲಕ್ಕಾಗಿ ಕೊಟ್ಟ ಸೂಚನೆಯೆಂದು ನಾವು ತಿಳಿದುಕೊಂಡಿದ್ದೇವೆ. ಹಾಸ್ಯಗೀತದಲ್ಲಿ ಅದು ಹಾಡಿನ ಅರ್ಧ. ಆ ಪದಗಳನ್ನು ಕಾವ್ಯವೆಂದು ಗೌರವಿಸುವ ಭರದಲ್ಲಿ ಬರಿಯ ಸಾಹಿತ್ಯವನ್ನು ಮುದ್ರಿಸುವ ಸಂಪಾದಕರು ಈ ಸಾಲನ್ನು ಅನಾವಶ್ಯಕವೆಂದು ಬಿಡಬಾರದು. ಸಾಧ್ಯವಾದಲ್ಲಿ ಮೂಲದ ಮಟ್ಟಿನ ಸ್ವರಲಿಪಿಯನ್ನೂ ಕೆಳಗೆ ಕೊಡಬೇಕು. ಕೈಲಾಸಂ ಅವರ ಹಾಡುಗಳ ವಿಷಯದಲ್ಲಿಯಂತೂ ಈ ಕೆಲಸವನ್ನು ಟಿಪ್ಪರೆರಿಯನ್ನು ಸಿಳ್ಳುಹಾಕಬಲ್ಲ ಕೊನೆಯ ಕೆಲವರು ನಮ್ಮ ನಡುವೆ ಇರುವಾಗಲೇ ಮಾಡಿ ಮುಗಿಸತಕ್ಕದ್ದು.